ಠಾಣೆಯ ರೈಟರೂ ನಮ್ಮ ಹೆಬ್ಬೆಟ್ಟೂ

ಊರಲ್ಲಿ ಒಂದು ಹೊಡೆದಾಟ ಆಯಿತು. ಹಟ್ಟಿಯ ಹುಡುಗನೊಬ್ಬ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಎಲ್ಲರಿಗೂ ಕೊಡುವ ಗಾಜಿನ ಲೋಟದಲ್ಲೇ ತನಗೂ ಕೊಡಿ ಅಂದ. ಅಷ್ಟೇ ಮಾತು. ತಲೆಗೆ ಏಳು ಹೊಲಿಗೆ ಬಿದ್ದವು. ಮಾರನೆಯ ದಿನ ಪೇಪರಿನ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು: ಕ್ಷುಲ್ಲಕ ಕಾರಣಕ್ಕೆ ಎರಡು ಗುಂಪುಗಳ ನಡುವೆ ಮಾರಾಮಾರಿ, ದೂರು ಪ್ರತಿದೂರು ದಾಖಲು.

ಮೂರು ದಿನ ಅಲೆದ ಮೇಲೆ ಠಾಣೆಯಿಂದ ಎಫ್.ಐ.ಆರ್. ಪ್ರತಿ ಬಂತು. ಹಟ್ಟಿಯ ಮಾರಿಗುಡಿ ಮುಂದೆ ಲೈಟುಕಂಬದ ಕೆಳಗೆ ಎಲ್ಲ ಕೂತರು. ‘ವಸಿ ಓದಪ್ಪ, ಏನ್ ಬರ್ದವ್ರೆ ನೋಡಾನ’ ಅಂದರು ನಮ್ಮಪ್ಪ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವರು ನಾವೇ ಮೊದಲಾದ್ದರಿಂದ ಇಂಥ ಕಾಗದ ಬಂದರೆ ಅದು ನೇರ ನಮ್ಮ ಕೈಗೇ ಬರುತ್ತದೆ. ಓದಿದೆವು. ಅದರಲ್ಲಿ ಬೆಂಚು ಇರಲಿಲ್ಲ. ಲೋಟ ಇರಲಿಲ್ಲ. ಜಾತಿ ಹಿಡಿದು ಬೈದ ಮಾತು ಇರಲಿಲ್ಲ. ‘ಹಳೇ ದ್ವೇಷದಿಂದ ಕ್ಷುಲ್ಲಕ ಕಾರಣಕ್ಕೆ ಜಗಳ ತೆಗೆದು’ ಅಂತ ಇತ್ತು. ಕೆಳಗೆ ಹುಡುಗನ ತಾಯಿಯ ಹೆಬ್ಬೆಟ್ಟು ಇತ್ತು. ‘ನಾನು ಎಲ್ಲಾನೂ ಹೇಳಿದ್ನಲ್ಲೋ ಮಗ, ಲೋಟದ್ ಇಷ್ಯವೂ ಹೇಳ್ದೆ, ಆವಯ್ಯ ತಲೆ ಆಡುಸ್ಕಂಡು ಬರ್ಕಂಡನಲ್ಲಾ’ ಅಂದಳು ಆ ತಾಯಿ. ಆಕೆ ಹೇಳಿದ್ದಕ್ಕೂ ರೈಟರು ಬರೆದದ್ದಕ್ಕೂ ನಡುವೆ ಇದ್ದದ್ದು ಒಂದು ಮೇಜು ಮಾತ್ರ.

ಊರಿನ ಅಪರಾಧದ ಸಂಗತಿ ಊರಿಗೇ ಯಾಕೆ ತಿಳಿಯುವುದಿಲ್ಲ, ತಿಳಿದರೂ ಯಾಕೆ ಉಪಯೋಗಕ್ಕೆ ಬರುವುದಿಲ್ಲ ಅನ್ನುವ ಪ್ರಶ್ನೆ ನಮಗೆ ಆ ರಾತ್ರಿ ಹುಟ್ಟಿದ್ದು. ಉತ್ತರ ಹುಡುಕುತ್ತ ಹೋದರೆ ಅದು ನೂರೈವತ್ತು ವರ್ಷ ಹಿಂದಕ್ಕೆ ಕರೆದುಕೊಂಡು ಹೋಗುತ್ತದೆ.

1857ರ ದಂಗೆ ಅಡಗಿದ ಮೇಲೆ ಬ್ರಿಟಿಷರು ಮಾಡಿದ ಮೊದಲ ಕೆಲಸಗಳಲ್ಲಿ 1861ರ ಪೊಲೀಸ್ ಕಾಯಿದೆಯೂ ಒಂದು. ಪ್ರತಿ ಠಾಣೆಯೂ ಒಂದು ದಿನಚರಿ ಇಡಬೇಕು, ಬಂದ ದೂರು, ಹಿಡಿದವರ ಹೆಸರು, ದೂರು ಕೊಟ್ಟವರು, ವಶಪಡಿಸಿಕೊಂಡ ಆಯುಧ, ಸಾಕ್ಷಿಗಳು ಎಲ್ಲ ಬರೆಯಬೇಕು ಅಂತ ಅದರ 44ನೆಯ ಕಲಮು ಹೇಳಿತು. ಒಳ್ಳೆಯ ಪುಸ್ತಕವೇ. ಆದರೆ ಅದನ್ನು ಓದುವವರು ಯಾರು? ಮೇಲಿನ ಸಾಹೇಬ, ಅವನ ಮೇಲಿನ ಸಾಹೇಬ, ಕೊನೆಗೆ ಸರಕಾರ. ಊರಿನ ಸಂಗತಿಯನ್ನು ಊರಿನಿಂದ ಎತ್ತಿ ಮೇಲಕ್ಕೆ ಕಳಿಸುವುದಕ್ಕೇ ಹುಟ್ಟಿದ ಪುಸ್ತಕ ಅದು. ಕೆಳಕ್ಕೆ ಇಳಿಯುವ ದಾರಿಯನ್ನು ಅದರಲ್ಲಿ ಮಾಡಿರಲೇ ಇಲ್ಲ.

ಇನ್ನು ಸಂಗತಿಯನ್ನು ಠಾಣೆಯ ತನಕ ಹೊತ್ತವರು ಯಾರು? ಇಲ್ಲಿ ನಮ್ಮವರ ಕಾಲುಗಳು ಬರುತ್ತವೆ. ಊರಲ್ಲಿ ಕೊಲೆ ಕಳವು ಆದರೆ ವರದಿ ಮಾಡುವ ಹೊಣೆ ಪಟೇಲನದು. ಕಾಗದ ಬರೆಯುವವನು ಶಾನುಭೋಗ. ಆ ಕಾಗದ ಹಿಡಿದು ರಾತ್ರಿಯಾಗಲಿ ಮಳೆಯಾಗಲಿ ಹಳ್ಳ ದಾಟಿ ಓಡುವವನು ತೋಟಿ ಅಥವಾ ಕುಳವಾಡಿ, ಅಂದರೆ ಬಹಳ ಊರುಗಳಲ್ಲಿ ನಮ್ಮ ಕೇರಿಯವನು. ಹೆಣ ಕಾಯುವವನೂ ಅವನೇ. ಊರಿನ ಎಲ್ಲ ಅಪರಾಧವೂ ಅವನ ಕಣ್ಣಿಗೆ ಬೀಳುತ್ತಿತ್ತು, ಅವನ ಸೊಂಟಕ್ಕೆ ಸಿಕ್ಕಿಸಿದ ಕಾಗದದಲ್ಲಿ ಏನಿದೆ ಅನ್ನುವುದು ಮಾತ್ರ ಅವನಿಗೆ ತಿಳಿಯುತ್ತಿರಲಿಲ್ಲ. ಪಟೇಲನ ತಮ್ಮನೇ ಕೇರಿಯ ಹೆಂಗಸಿನ ಮೇಲೆ ಕೈಹಾಕಿದ್ದರೆ ಆ ಕಾಗದ ಬರೆಯುವವರು ಯಾರು? ಬರೆಯದಿದ್ದರೆ ಅದು ನಡೆಯಲೇ ಇಲ್ಲ. ವಂಶಪಾರಂಪರ್ಯದ ಈ ಗ್ರಾಮಾಧಿಕಾರಗಳನ್ನು ನಮ್ಮ ರಾಜ್ಯ 1961ರ ಕಾಯಿದೆಯಿಂದ ತೆಗೆದುಹಾಕಿತು. ಕಾಯಿದೆ ಹೋಯಿತು ಅಂದಮಾತ್ರಕ್ಕೆ ಯಜಮಾನರ ಮಾತು ಕೇಳಿ ದೂರು ‘ರಾಜಿ’ ಮಾಡಿಸುವ ಚಾಳಿ ಹೋಯಿತೆ, ಓದುಗರೇ ಹೇಳಬೇಕು.

ಒಂದು ಕಡೆ ಹೀಗೆ ನಮ್ಮ ಮೇಲಿನ ಅಪರಾಧ ಬರೆಯದೇ ಉಳಿಯಿತು. ಇನ್ನೊಂದು ಕಡೆ, ಹುಟ್ಟಿದ ಮಕ್ಕಳನ್ನೇ ಅಪರಾಧಿಗಳ ಪಟ್ಟಿಗೆ ಬರೆದ ಪುಸ್ತಕವೂ ಇತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ. ಇಡೀ ಬುಡಕಟ್ಟನ್ನೇ ಕಳ್ಳರು ಅಂತ ಸಾರಿ, ಅವರ ಹೆಸರು ರಿಜಿಸ್ಟರಿನಲ್ಲಿ ಬರೆದು, ಹಾಜರಿ ಕೂಗಿ, ಪಾಸಿಲ್ಲದೆ ಊರು ಬಿಟ್ಟರೆ ಶಿಕ್ಷೆ ಕೊಡುವ ಕಾನೂನು. 1911ರ ತಿದ್ದಿದ ಕಾಯಿದೆ ಬೆರಳಚ್ಚನ್ನೂ ಸೇರಿಸಿತು. ಹುಬ್ಬಳ್ಳಿ, ಗದಗ-ಬೆಟಗೇರಿ, ಬಿಜಾಪುರಗಳಲ್ಲಿ ಸೆಟ್ಲ್‌ಮೆಂಟ್‌ಗಳು ಎದ್ದವು. ಹುಬ್ಬಳ್ಳಿಯಲ್ಲೂ ಗದಗಿನಲ್ಲೂ ಆ ಜಾಗಕ್ಕೆ ಇಂದಿಗೂ ಸೆಟ್ಲ್‌ಮೆಂಟ್ ಅಂತಲೇ ಹೆಸರು. ‘ಗಂಟಿಚೋರ್’ ಅನ್ನುವ ಹೆಸರು ನೋಡಿ. ಗಂಟುಕಳ್ಳ ಅನ್ನುವ ಬೈಗುಳವೇ ಜಾತಿಯಾಗಿ ಸರಕಾರದ ಪಟ್ಟಿಯಲ್ಲಿ ಕೂತಿದೆ. ಶಾಲೆಯ ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ಆ ಮಗುವಿನ ಜಾತಿ ಕಾಲಮ್ಮು ತುಂಬುವಾಗ ಕೈ ನಡುಗಬೇಡವೆ?

ಆ ಕಾಯಿದೆ ರದ್ದಾದದ್ದು 1952ರಲ್ಲಿ. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯಿದೆಗಳು ಬಂದವು, ನಮ್ಮ ರಾಜ್ಯದ್ದು 1961ರದ್ದು. ಠಾಣೆಯ ಹಿಸ್ಟರಿ ಷೀಟು ಉಳಿಯಿತು. ಬಡವರು, ಕೆಳಜಾತಿಯವರು ಅನ್ನುವ ಕಾರಣಕ್ಕೆ ನಿರಪರಾಧಿಗಳ ಹೆಸರನ್ನು ಯಾಂತ್ರಿಕವಾಗಿ ಹಿಸ್ಟರಿ ಷೀಟಿಗೆ ಏರಿಸಬಾರದು ಅಂತ ಸುಪ್ರೀಂ ಕೋರ್ಟು ಹೇಳಬೇಕಾಗಿ ಬಂದದ್ದು 2024ರಲ್ಲಿ. ಹಾಗಾಗಿ ‘ಅಪರಾಧದ ಮಾಹಿತಿ ಜನರಿಗೆ ಸಿಗಲಿ’ ಅಂತ ಯಾರಾದರೂ ಅಂದರೆ ನಾವು ಮೊದಲು ಕೇಳಬೇಕಾದ್ದು, ಯಾರ ಮಾಹಿತಿ, ಯಾರ ಕೈಗೆ ಅಂತ. ಊರ ಬಾಗಿಲಲ್ಲಿ ಅಲೆಮಾರಿಗಳ ಫೋಟೋ ಅಂಟಿಸಿ ‘ಎಚ್ಚರಿಕೆ’ ಅಂತ ಬರೆಯುವುದು ನಮಗೆ ಬೇಕಾದ ಮಾಹಿತಿಯಲ್ಲ.

ಬೇರೆ ದಾರಿಯೊಂದನ್ನು ಕಪ್ಪು ಹೆಂಗಸೊಬ್ಬಳು ತೋರಿಸಿದಳು. ನಮ್ಮ ಚಳವಳಿಗೆ ಆಕೆ ದೂರದವಳೇನಲ್ಲ. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನು ತಂದದ್ದೇ ಆ ಕರಿಯರ ಹೋರಾಟದಿಂದ. ಆಕೆಯ ಹೆಸರು ಐಡಾ ಬಿ. ವೆಲ್ಸ್. 1862ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಗುಲಾಮರ ಮಗಳಾಗಿ ಹುಟ್ಟಿದಳು. ಮೇಷ್ಟ್ರಾಗಿದ್ದಳು. ಕರಿಯ ಮಕ್ಕಳ ಶಾಲೆಗಳ ದುರವಸ್ಥೆಯನ್ನು ಪತ್ರಿಕೆಯಲ್ಲಿ ಬರೆದದ್ದಕ್ಕೆ 1891ರಲ್ಲಿ ಆ ಕೆಲಸ ಹೋಯಿತು. (ಹಳ್ಳಿಯ ಶಿಕ್ಷಕ ಗೆಳೆಯರು ಇದನ್ನು ಗಮನಿಸಬೇಕು!) ಮೆಂಫಿಸ್ ಪಟ್ಟಣದಲ್ಲಿ ‘ಫ್ರೀ ಸ್ಪೀಚ್’ ಅನ್ನುವ ಪುಟ್ಟ ಪತ್ರಿಕೆ ನಡೆಸಿದಳು.

1892ರ ಮಾರ್ಚಿನಲ್ಲಿ ಅದೇ ಊರಲ್ಲಿ ಮೂವರು ಕರಿಯ ಗಂಡಸರನ್ನು ಜೈಲಿನಿಂದ ಎಳೆದೊಯ್ದು ಗುಂಡಿಟ್ಟು ಕೊಂದರು. ಅವರಲ್ಲಿ ಟಾಮಸ್ ಮಾಸ್ ಎಂಬುವನು ಅಂಚೆಯವನು, ಐಡಾಳ ಆಪ್ತ ಗೆಳೆಯ. ಮೂವರೂ ಸೇರಿಕೊಂಡಿದ್ದ ಕಿರಾಣಿ ಅಂಗಡಿ ಚೆನ್ನಾಗಿ ನಡೆಯುತ್ತಿತ್ತು. ಎದುರಿನ ಬಿಳಿಯನ ಅಂಗಡಿಗೆ ವ್ಯಾಪಾರ ಕಡಿಮೆಯಾಗಿತ್ತು. ಅದೇ ಅಪರಾಧ. ಅಲ್ಲಿಯ ತನಕ ಆಕೆಯೂ ಪತ್ರಿಕೆಗಳು ಬರೆಯುವುದನ್ನು ಅರ್ಧ ನಂಬಿದ್ದಳು. ಕರಿಯರನ್ನು ಗುಂಪು ಕೊಲ್ಲುವುದು ಬಿಳಿಯ ಹೆಂಗಸರ ಮಾನ ಕಾಯುವುದಕ್ಕೆ ಅನ್ನುವ ಕತೆ ಅದು. ಗೆಳೆಯ ಸತ್ತ ಮೇಲೆ ಲೆಕ್ಕ ತೆಗೆಯಲು ಕೂತಳು.

ಆಕೆಯ ಲೆಕ್ಕದ ಜಾಣತನವೇ ನಮಗೆ ಪಾಠ. ತಾನೇ ಅಂಕಿ ಕೂಡಿಸಿದರೆ ‘ಕರಿಯಳ ಉತ್ಪ್ರೇಕ್ಷೆ’ ಅಂದುಬಿಡುತ್ತಾರೆ. ‘ಷಿಕಾಗೊ ಟ್ರಿಬ್ಯೂನ್’ ಅನ್ನುವ ಬಿಳಿಯರ ಪತ್ರಿಕೆ ಪ್ರತಿ ವರ್ಷ ಗುಂಪುಕೊಲೆಗಳ ಪಟ್ಟಿ ಅಚ್ಚು ಹಾಕುತ್ತಿತ್ತು. ಆಕೆ ಅದನ್ನೇ ಎತ್ತಿಕೊಂಡಳು. ನೀವೇ ಬರೆದದ್ದು, ನೀವೇ ಎಣಿಸಿದ್ದು, ನಾನು ಬರೀ ಜೋಡಿಸಿದ್ದೇನೆ ಅನ್ನುವ ಹಾಗೆ. ಯಾವ ದಿನ, ಯಾವ ಊರು, ಯಾರ ಹೆಸರು, ಯಾವ ಆರೋಪ ಅಂತ ಆರೋಪವಾರು ವಿಂಗಡಿಸಿದಳು. ವಿಂಗಡಿಸಿದ ಕೂಡಲೇ ಸುಳ್ಳು ತಾನಾಗಿ ಬಯಲಿಗೆ ಬಿತ್ತು. 1892ರ ಆಕೆಯ ಮೊದಲ ಪುಸ್ತಿಕೆಯ ಪ್ರಕಾರ ಹಿಂದಿನ ಎಂಟು ವರ್ಷದಲ್ಲಿ ಸತ್ತ 728 ಕರಿಯರಲ್ಲಿ ಅತ್ಯಾಚಾರದ ಆರೋಪವಾದರೂ ಇದ್ದದ್ದು ಮೂರರಲ್ಲಿ ಒಂದು ಪಾಲು ಜನರ ಮೇಲೆ ಮಾತ್ರ. ಅದೂ ಆರೋಪ ಅಷ್ಟೇ, ಋಜುವಾತಲ್ಲ. 1895ರ ‘ಎ ರೆಡ್ ರೆಕಾರ್ಡ್’ ಪುಸ್ತಕದ ಪಟ್ಟಿಗಳನ್ನು ನೋಡಿದರೆ ಹೊಟ್ಟೆ ತೊಳಸುತ್ತದೆ. ಬಿಳಿಯ ಹೆಂಗಸಿಗೆ ಕಾಗದ ಬರೆದದ್ದು, ಬಾವಿಗೆ ವಿಷ ಹಾಕಿದ ಅನುಮಾನ, ಜನಾಂಗ ದ್ವೇಷ, ಕೊನೆಗೆ ‘ಕಾರಣವಿಲ್ಲ’ ಅನ್ನುವುದೂ ಒಂದು ಕಲಮು. ಬಾವಿ ಅಂದಕೂಡಲೆ ನಮಗೆ ಬೇರೆ ದೇಶದ ಪುಸ್ತಕ ಓದುತ್ತಿದ್ದೇವೆ ಅನ್ನಿಸಲೇ ಇಲ್ಲ.

ಆಕೆಗೆ ಸಿಕ್ಕ ಬಹುಮಾನ? 1892ರ ಮೇ ತಿಂಗಳಲ್ಲಿ ಆಕೆ ಊರಲ್ಲಿಲ್ಲದಾಗ ಪತ್ರಿಕೆಯ ಕಚೇರಿಯನ್ನು ಗುಂಪು ಧ್ವಂಸ ಮಾಡಿತು. ಆಕೆ ಊರಿಗೆ ಹಿಂದಿರುಗಲಾಗಲಿಲ್ಲ, ನ್ಯೂಯಾರ್ಕಿನಿಂದ ಬರೆದಳು. ಆಮೇಲೆ ಅಲ್ಲಿಯ ಕರಿಯರ ಹಕ್ಕಿನ ಸಂಸ್ಥೆ ಎನ್.ಎ.ಎ.ಸಿ.ಪಿ. ಇನ್ನೂ ಸರಳ ಮಾಡಿತು. ಮೂವತ್ತರ ದಶಕದಲ್ಲಿ, ಎಲ್ಲಾದರೂ ಗುಂಪುಕೊಲೆಯ ಸುದ್ದಿ ಬಂದರೆ ನ್ಯೂಯಾರ್ಕಿನ ತಮ್ಮ ಕಚೇರಿಯ ಕಿಟಕಿಯಿಂದ ಒಂದು ಕರಿ ಬಾವುಟ ಇಳಿಬಿಡುತ್ತಿದ್ದರು. ನಿನ್ನೆ ಒಬ್ಬ ಮನುಷ್ಯನನ್ನು ಗುಂಪು ಕೊಂದಿತು ಅನ್ನುವ ಅರ್ಥದ ಒಂದೇ ಸಾಲು. ಕೆಳಗೆ ದೊಡ್ಡ ರಸ್ತೆ, ಆಫೀಸಿಗೆ ಹೋಗುವ ಜನ ತಲೆ ಎತ್ತಿ ನೋಡಲೇಬೇಕು. 1938ರಲ್ಲಿ ಕಟ್ಟಡದ ಮಾಲೀಕ, ಬಾವುಟ ತೆಗೆಯದಿದ್ದರೆ ಮಳಿಗೆ ಖಾಲಿ ಮಾಡಿ ಅಂದ. ಗುಂಪುಕೊಲೆಯ ವಿರುದ್ಧದ ಮಸೂದೆ ಅಲ್ಲಿಯ ಕಾಂಗ್ರೆಸ್ ಸಭೆಗೆ ಮೊದಲು ಬಂದದ್ದು 1900ರಲ್ಲಿ. ಅದು ಕಾನೂನಾದದ್ದು 2022ರಲ್ಲಿ. ಲೆಕ್ಕ ಸರಿಯಾಗಿದ್ದರೆ ನ್ಯಾಯ ನಾಳೆಯೇ ಸಿಗುತ್ತದೆ ಅಂತ ನಾವು ಯಾರಿಗೂ ಆಸೆ ಹುಟ್ಟಿಸುತ್ತಿಲ್ಲ.

ಬಾಬಾಸಾಹೇಬರ ಬರವಣಿಗೆಯನ್ನು ಈ ಕಣ್ಣಿನಿಂದ ಮತ್ತೆ ಓದಿ. 1936ರ ಅವರ ‘ಜಾತಿ ವಿನಾಶ’ದ ಭಾಷಣ ಸಿದ್ಧಾಂತದಿಂದ ಶುರುವಾಗುವುದಿಲ್ಲ, ವರದಿಯಿಂದ ಶುರುವಾಗುತ್ತದೆ. ಇಂದೂರು ಸಂಸ್ಥಾನದ ಬಲಾಯಿಗಳಿಗೆ ಮೇಲ್ಜಾತಿಯವರು ಹಾಕಿದ ಕಟ್ಟಳೆಗಳು: ಜರಿಯಂಚಿನ ಪೇಟ ಸುತ್ತಬಾರದು, ಹೆಂಗಸರು ಬೆಳ್ಳಿ ಬಂಗಾರ ಹಾಕಬಾರದು, ಮೇಲ್ಜಾತಿಯವರ ಸಾವಿನ ಸುದ್ದಿ ಎಷ್ಟು ದೂರವಾದರೂ ಮುಟ್ಟಿಸಬೇಕು. ಇದು 1928ರ ಜನವರಿಯ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಬಂದ ಸುದ್ದಿ. 1935ರಲ್ಲಿ ಗುಜರಾತಿನ ಕವಿಠಾ ಊರಲ್ಲಿ ಮಕ್ಕಳನ್ನು ಶಾಲೆಗೆ ಕಳಿಸಿದ್ದಕ್ಕೆ ಬಿದ್ದ ಬಹಿಷ್ಕಾರ. ಜಯಪುರದ ಚಕ್ವಾರದಲ್ಲಿ ಊಟಕ್ಕೆ ತುಪ್ಪ ಬಡಿಸಿದ್ದಕ್ಕೆ ಬಿದ್ದ ಪೆಟ್ಟು. ಪೇಪರಿನ ಮೂಲೆಯಲ್ಲಿ ಬಿದ್ದಿದ್ದ ಚೂರುಗಳನ್ನು ಆಯ್ದು ಪಕ್ಕಪಕ್ಕ ಇಟ್ಟರು. ಒಂದು ಚೂರು ಜಗಳ, ಹತ್ತು ಚೂರು ವ್ಯವಸ್ಥೆ.

ಇನ್ನೊಂದು ಸಂಗತಿ. ಮುಂಬಯಿ ಸರಕಾರ 1928ರಲ್ಲಿ ಅಸ್ಪೃಶ್ಯರ ಕಷ್ಟ ವಿಚಾರಿಸಲು ಒಂದು ಸಮಿತಿ ನೇಮಿಸಿತು. ಅಂಬೇಡ್ಕರರು ಅದರ ಸದಸ್ಯರು. ಅಧ್ಯಕ್ಷ ಸ್ಟಾರ್ಟ್ ಅನ್ನುವ ಅಧಿಕಾರಿ. ಮೇಲೆ ಹೇಳಿದ ಸೆಟ್ಲ್‌ಮೆಂಟುಗಳ ಉಸ್ತುವಾರಿ ನೋಡಿದವನೂ ಅವನೇ! ಬೆಳಗಾವಿ, ಧಾರವಾಡ, ಬಿಜಾಪುರ ಆಗ ಆ ಪ್ರಾಂತ್ಯಕ್ಕೇ ಸೇರಿದ್ದವು. 1930ರ ಆ ವರದಿ ಹೇಳಿದ್ದೇನು? ಬಹಿಷ್ಕಾರಕ್ಕೆ ಕೆಲವೊಮ್ಮೆ ಸಣ್ಣ ಕಾರಣವೇ ಸಾಕು ಅಂತ. ಆದರೆ ಅಷ್ಟಕ್ಕೇ ನಿಲ್ಲಿಸದೆ ಆ ಸಣ್ಣ ಕಾರಣಗಳು ಯಾವುವು ಅಂತ ಬಿಡಿಸಿ ಬರೆಯಿತು: ಊರ ಬಾವಿಯ ನೀರು ಸೇದಿದ್ದು, ಜನಿವಾರ ಹಾಕಿದ್ದು, ತುಂಡು ನೆಲ ಕೊಂಡದ್ದು, ಒಳ್ಳೆ ಬಟ್ಟೆ ತೊಟ್ಟದ್ದು, ಮದುವೆಯ ಗಂಡು ಕುದುರೆ ಮೇಲೆ ಬೀದಿಯಲ್ಲಿ ಮೆರವಣಿಗೆ ಹೋದದ್ದು. ಸುಮಾರು ನೂರು ವರ್ಷದ ಹಿಂದಿನ ಸರಕಾರಿ ಕಾಗದದಲ್ಲಿ ಇದ್ದ ಈ ಬಿಡಿಸಿ ಹೇಳುವ ಗುಣ ನಮ್ಮ ಹುಡುಗನ ಎಫ್.ಐ.ಆರ್.ನಲ್ಲಿ ಇಲ್ಲ. ಕ್ಷುಲ್ಲಕ ಅಂದರೆ ಯಾರಿಗೆ ಕ್ಷುಲ್ಲಕ? ಲೋಟ ತೊಳೆಯುವವನಿಗೋ, ಲೋಟಕ್ಕೆ ತುಟಿ ಇಡಲಾರದವನಿಗೋ?

ಎಪ್ಪತ್ತರ ದಶಕದಲ್ಲಿ ಮೈಸೂರಿನಿಂದ ಬರುತ್ತಿದ್ದ ‘ಪಂಚಮ’ ಮತ್ತು ಅದರ ಸುತ್ತ ಬೆಳೆದ ದಲಿತ ಸಂಘರ್ಷ ಸಮಿತಿಯ ಕರಪತ್ರಗಳು ಈ ಬಿಡಿಸಿ ಬರೆಯುವ ಕೆಲಸವನ್ನು ಕನ್ನಡದಲ್ಲಿ ಮಾಡಿದವು. ಊರು, ತಾರೀಖು, ಏನಾಯಿತು, ಪೊಲೀಸರು ಏನು ಮಾಡಿದರು. ಒರಟು ಕಾಗದ, ಅಂಟಿಕೊಂಡ ಅಕ್ಷರ. ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕೈಗೆ ಕೊಡುತ್ತಿದ್ದ ಆ ಕರಪತ್ರಗಳೇ ನಮ್ಮ ನಾಡಿನ ಮೊದಲ ಜನರ ಅಪರಾಧ ದಾಖಲೆ ಅನ್ನುವುದು ನಮ್ಮ ಅಭಿಪ್ರಾಯ. ನಮ್ಮ ಕೆಲವು ಕವಿಮಿತ್ರರು ಅವನ್ನು ಸಾಹಿತ್ಯ ಅಲ್ಲ ಅಂತ ಬದಿಗಿಡುತ್ತಾರೆ, ಇರಲಿ.

ಈಗ ಕಾನೂನು ಎಲ್ಲಿಗೆ ಬಂದಿದೆ? ದೂರು ಕೊಟ್ಟವರಿಗೆ ಅದನ್ನು ಓದಿ ಹೇಳಿ, ಸಹಿ ಪಡೆದು, ಪ್ರತಿಯನ್ನು ಪುಕ್ಕಟೆ ಕೊಡಬೇಕು ಅಂತ 1973ರ ದಂಡಪ್ರಕ್ರಿಯಾ ಸಂಹಿತೆಯೇ ಹೇಳಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯ 173ನೆಯ ಕಲಮಿನಲ್ಲೂ ಅದು ಇದೆ. ಯಾವ ಠಾಣೆಯ ಸರಹದ್ದಿನಲ್ಲಿ ನಡೆದರೂ ಯಾವ ಠಾಣೆಯಲ್ಲಾದರೂ ಬರೆಸಬಹುದು ಅಂತಲೂ ಸೇರಿದೆ. ಗಂಭೀರ ಅಪರಾಧದ ದೂರು ಬಂದರೆ ಎಫ್.ಐ.ಆರ್. ಮಾಡಲೇಬೇಕು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲಿ ಹೇಳಿತು. 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ಬಂದ ತಿದ್ದುಪಡಿ ಇನ್ನೂ ಬಿಗಿ. ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡು, ಸಹಿಗೆ ಮುಂಚೆ ಓದಿ ಹೇಳದ, ಪ್ರತಿ ಕೊಡದ ಅಧಿಕಾರಿ ದಲಿತನಲ್ಲದಿದ್ದರೆ ಅದು ಅವನ ಅಪರಾಧ, ಕರ್ತವ್ಯಲೋಪ. ಠಾಣೆಯವರು ಒಪ್ಪದಿದ್ದರೆ ಎಸ್.ಪಿ.ಗೆ ಅಂಚೆಯಲ್ಲಿ ಕಳಿಸಬಹುದು ಅಂತ 1995ರ ನಿಯಮಗಳಲ್ಲಿದೆ. ಆ ತಾಯಿಗೆ ಇದನ್ನು ಯಾರೂ ಹೇಳಿರಲಿಲ್ಲ. ನಾಚಿಕೆಯ ಮಾತು, ಡಿಗ್ರಿ ಮಾಡಿದ ನಮಗೂ ಅವತ್ತು ಗೊತ್ತಿರಲಿಲ್ಲ.

2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಎಫ್.ಐ.ಆರ್.ಗಳನ್ನು 24 ಗಂಟೆಯೊಳಗೆ ಪೊಲೀಸ್ ಇಲಾಖೆಯ ಜಾಲತಾಣದಲ್ಲಿ ಹಾಕಬೇಕು, ಸಂಪರ್ಕದ ತೊಂದರೆ ಇದ್ದರೆ ಹೆಚ್ಚೆಂದರೆ 72 ಗಂಟೆ ಅಂತ ಆದೇಶ ಮಾಡಿತು. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ, ಅದು ಸರಿಯೇ. ದೊಡ್ಡ ಹೆಜ್ಜೆ. ಆದರೆ ನಮ್ಮ ಹಟ್ಟಿಯ ಅಜ್ಜಿ ಜಿಲ್ಲೆ, ಠಾಣೆ, ಅಪರಾಧ ಸಂಖ್ಯೆ, ವರ್ಷ ಒತ್ತಿ ಕಾಗದ ಇಳಿಸಿಕೊಳ್ಳುವಳೆ? ಇಳಿಸಿಕೊಂಡರೂ ಅದರ ಭಾಷೆ ನೋಡಿ. ‘ಸದರಿ ಆಸಾಮಿಯು ಪಿರ್ಯಾದಿಯನ್ನು ಉದ್ದೇಶಿಸಿ ಅವಾಚ್ಯ ಶಬ್ದಗಳಿಂದ ನಿಂದಿಸಿ.’ ಯಾವ ಶಬ್ದ ಅನ್ನುವುದೇ ಜಾತಿ ನಿಂದನೆಯ ಕೇಸಿನ ಜೀವ. ಅದನ್ನು ‘ಅವಾಚ್ಯ’ದ ಚೀಲದೊಳಗೆ ಹಾಕಿ ಕಟ್ಟಿದರೆ ಕೋರ್ಟಿನಲ್ಲಿ ಬಿಚ್ಚಲಿಕ್ಕೆ ಬರುವುದಿಲ್ಲ.

ದಿಲ್ಲಿಯ ಪುಸ್ತಕವೂ ಇದೆ. ‘ಕ್ರೈಂ ಇನ್ ಇಂಡಿಯಾ’ 1953ರಿಂದ ಬರುತ್ತಿದೆ, 1986ರಲ್ಲಿ ಹುಟ್ಟಿದ ಅಪರಾಧ ದಾಖಲೆ ಬ್ಯೂರೋ ಈಗ ಅದನ್ನು ತರುತ್ತದೆ. 2022ರ ಪುಸ್ತಕದಲ್ಲಿ ಪರಿಶಿಷ್ಟ ಜಾತಿಯವರ ಮೇಲಿನ ಅಪರಾಧ 57,582. ಈ ಅಂಕಿ ದಾಖಲಾದದ್ದರ ಲೆಕ್ಕ, ನಡೆದದ್ದರ ಲೆಕ್ಕ ಅಲ್ಲ. ಒಂದು ಎಫ್.ಐ.ಆರ್.ನಲ್ಲಿ ಹಲವು ಅಪರಾಧ ಇದ್ದರೆ ದೊಡ್ಡದನ್ನು ಮಾತ್ರ ಎಣಿಸುವುದು ಬ್ಯೂರೋದ ಪದ್ಧತಿ. ಅತ್ಯಾಚಾರ ಮಾಡಿ ಕೊಂದರೆ ಕೊಲೆಯ ಕಲಮಿನಲ್ಲಿ ಒಂದು ಗೀಟು ಬೀಳುತ್ತದೆ. ಇನ್ನು ಅಂಕಿ ಏರಿದ ಜಿಲ್ಲೆಯನ್ನು ಕೆಟ್ಟ ಜಿಲ್ಲೆ ಅನ್ನುವುದೂ ತಪ್ಪಾದೀತು. ಬರೆಸುವ ಧೈರ್ಯ ಬಂದ ಕಡೆ ಅಂಕಿ ಏರುತ್ತದೆ. ಒಂದೂ ಕೇಸು ಇಲ್ಲದ ತಾಲ್ಲೂಕಿಗೆ ಹೋಗಿ ಟೀ ಅಂಗಡಿಯ ಸೂರಿಗೆ ಸಿಕ್ಕಿಸಿದ ತೆಂಗಿನ ಚಿಪ್ಪು ಇದೆಯೇ ನೋಡಿ.

ಬರೆದರೆ ಸಾಲದು ಅನ್ನುವುದಕ್ಕೆ ಕಂಬಾಲಪಲ್ಲಿ ಇದೆ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಆ ಊರಲ್ಲಿ ಏಳು ಜನ ದಲಿತರನ್ನು ಬೆಂಕಿಯಲ್ಲಿ ಸುಟ್ಟರು. ನಾಡೇ ಬಲ್ಲ ಸಂಗತಿ. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅದೇ 2014ರಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮೇಲ್ಮನವಿ ಹೋಗಿ ಹೆಚ್ಚಿನವರಿಗೆ ಜಾಮೀನೂ ಸಿಕ್ಕಿತು. ಎರಡು ಊರುಗಳ ನಡುವಿನ ಅಂತರ ಏನು ಅಂತ ಕಾನೂನು ಓದುವ ನಮ್ಮ ವಿದ್ಯಾರ್ಥಿ ಗೆಳೆಯರು ಕೂತು ತೀರ್ಪುಗಳನ್ನು ಓದಿ ಕನ್ನಡದಲ್ಲಿ ಬರೆದರೆ ಈ ಪತ್ರಿಕೆ ಪುಟ ಕೊಡುತ್ತದೆ.

ಅಲ್ಲಿಯ ತನಕ ನಮ್ಮ ಹಟ್ಟಿಯಲ್ಲಿ ಏನು ಮಾಡಿದ್ದೇವೆ ಅಂತ ಹೇಳಿ ನಿಲ್ಲಿಸುತ್ತೇವೆ. ಅಂಬೇಡ್ಕರ್ ಸಂಘದ ಗೋಡೆಗೆ ಒಂದು ಕರಿಹಲಗೆ ಹೊಡೆದಿದ್ದೇವೆ. ಶಾಲೆಯ ಮೇಷ್ಟ್ರೊಬ್ಬರು ಹಳೆಯದನ್ನು ಕೊಟ್ಟರು. ಅದರಲ್ಲಿ ಗೆರೆ ಎಳೆದು ಬರೆಯುತ್ತೇವೆ: ಏನಾಯಿತು, ಯಾವತ್ತು, ಅಪರಾಧ ಸಂಖ್ಯೆ, ಯಾವ ಕಲಮು ಹಾಕಿದ್ದಾರೆ, ಯಾವುದು ಬಿಟ್ಟಿದ್ದಾರೆ, ತನಿಖೆ ಯಾವ ಡಿ.ವೈ.ಎಸ್.ಪಿ.ಯವರದು, ಅರವತ್ತು ದಿನ ಯಾವತ್ತಿಗೆ ಮುಗಿಯುತ್ತದೆ, ಮುಂದಿನ ವಾಯಿದೆ ಯಾವತ್ತು. ಮೂರು ತಿಂಗಳಿಗೊಮ್ಮೆ ಸೇರಬೇಕಾದ ಡಿ.ಸಿ.ಯವರ ಜಾಗೃತಿ ಸಮಿತಿಯ ಸಭೆಯ ತಾರೀಖೂ ಅದರಲ್ಲೇ. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯವಾದರೆ ಹೆಸರು, ಮನೆ, ಗುರುತು ಯಾವುದೂ ಬರೆಯುವುದಿಲ್ಲ. ಆರೋಪಿಯನ್ನು ಅಪರಾಧಿ ಅಂತ ಬರೆಯುವುದಿಲ್ಲ, ಅವನ ಜಾತಿಯವರನ್ನೆಲ್ಲ ಸೇರಿಸಿಯೂ ಬರೆಯುವುದಿಲ್ಲ. ಸೆಟ್ಲ್‌ಮೆಂಟಿನ ರಿಜಿಸ್ಟರು ನಮ್ಮ ಕೈಯಲ್ಲೂ ಶುರುವಾಗಬಾರದು ಅಂತ ಈ ಮಾತಿಗೆ ಎರಡು ರಾತ್ರಿ ಜಗಳವಾಡಿ ಒಪ್ಪಿದ್ದೇವೆ.

ಮೊದಲ ವಾರ ಯಾರೋ ರಾತ್ರಿ ಬಂದು ಒದ್ದೆ ಬಟ್ಟೆಯಲ್ಲಿ ಒರೆಸಿ ಹೋದರು. ನೋಟುಬುಕ್ಕಿನಲ್ಲಿ ನಕಲು ಇತ್ತು, ಮತ್ತೆ ಬರೆದೆವು. ಲೋಟದ ವಿಷಯವಾಗಿ ಆ ತಾಯಿಯ ಹೆಚ್ಚುವರಿ ಹೇಳಿಕೆಯನ್ನು ಎಸ್.ಪಿ.ಯವರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇವೆ. ಈ ಸಲ ಅದನ್ನು ಎರಡು ಸಾರಿ ಓದಿ ಹೇಳಿದ ಮೇಲೆಯೇ ಆಕೆ ಹೆಬ್ಬೆಟ್ಟು ಒತ್ತಿದಳು. ‘ಬೆಂಚಿಂದೂ ಬರ್ದೆಯಾ?’ ಅಂತ ಕೇಳಿದಳು. ಬರೆದಿದ್ದೇವೆ.